ಚಾಕು ಕಾಕಾ

ಕಲಬುರಗಿಯ ನಮ್ಮ ಓಣಿಯಲ್ಲಿ ಹುಡುಗರೆಲ್ಲರೂ 'ಚಾಕು ಕಾಕಾ' ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಹೆಸರನ್ನು ಕೇಳಿದ ಮಾತ್ರಕ್ಕೆ ಅವರು ಉಗ್ರಸ್ವಭಾವದವರಿರಬೇಕೆಂದು ಯಾರಾದರೂ ಊಹಿಸಿದರೆ ಅದು ಆ ಸಾಧುಪ್ರಾಣಿಗೆ ಎಸಗಿದ ಮಹಾಪಚಾರವಾದೀತು. ಸೊಳ್ಳೆಯನ್ನು ಹೊಡೆಯುವಾಗಲೂ ಮುಖವನ್ನು ಅತ್ತ ತಿರುಗಿಸುವ, ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ, ಲಿಂಗಪೂಜೆಯಾಗದೆ ಹನಿ ನೀರನ್ನೂ ಮುಟ್ಟದ ಶುದ್ಧ ಸಸ್ಯಾಹಾರಿಗಳು ಅವರು. ಪತ್ರ ಬರೆಯದೆ ಪೆನ್ನುಗಳನ್ನು ಕೂಡಿಡುವವರು, ಎಲ್ಲಿಗೂ ಹೋಗದೆ ಪ್ರಯಾಣದ ಚೀಲಗಳನ್ನು ಕೊಳ್ಳುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದೇ ಇರುತ್ತಾರಷ್ಟೆ; ಕಾಕಾ ಅದೇ ಗೋತ್ರದ ಬೇರೊಂದು ಶಾಖೆಯವರು. ಬಹಮನಿ ಸುಲ್ತಾನರು 1347ರಲ್ಲಿ ರಾಜಧಾನಿಯನ್ನಾಗಿ ಮಾಡಿಕೊಂಡ ಈ ನಗರದಲ್ಲಿ ಕತ್ತಿಗಳ ಕಾಲವು ಮುಗಿದುಹೋದ ಮೇಲೆ ಶಸ್ತ್ರಾಭ್ಯಾಸವನ್ನು ಬಿಡದೆ ಉಳಿಸಿಕೊಂಡು ಬಂದವರು ಬಹುಶಃ ಅವರೊಬ್ಬರೇ.

ಆದರೆ ಈ ಶಸ್ತ್ರಾಭ್ಯಾಸಕ್ಕೆ ಐನೂರು ರೂಪಾಯಿಯ ಲಕ್ಷ್ಮಣರೇಖೆಯೊಂದುಂಟು. ಪಿಂಚಣಿದಾರನಾದವನು ಅದನ್ನು ದಾಟಕೂಡದೆಂಬುದು ಅವರ ಸಿದ್ಧಾಂತ. ಐನೂರರೊಳಗಿನವು ಎಷ್ಟಿರಬೇಕೆಂಬ ವಿಷಯದಲ್ಲಿ ಮಾತ್ರ ಸಿದ್ಧಾಂತವು ಮೌನವಾಗಿದೆ. ಶರಣಬಸವೇಶ್ವರರ ಜಾತ್ರೆಯಲ್ಲಿ, ಬಂದೇನವಾಜರ ಉರುಸಿನಲ್ಲಿ, ಸೂಪರ್ ಮಾರ್ಕೆಟ್ಟಿನ ಅಂಗಡಿಸಾಲಿನಲ್ಲಿ, ಈಚೆಗೆ ಮೊಮ್ಮಗನ ಮೊಬೈಲಿನ ಮುಖಾಂತರವೂ, ಅವರು ಮಡಿಚುವ ಚಾಕುಗಳನ್ನು ತರಿಸುತ್ತಲೇ ಇರುತ್ತಾರೆ. ತಂದ ಚಾಕುವಿನ ಪರೀಕ್ಷೆ ಅದೇ ದಿನ ಆರಂಭವಾಗುತ್ತದೆ. ಮೊದಲು ಕಾಗದವನ್ನು ಗಾಳಿಯಲ್ಲಿ ಹಿಡಿದು ಸೀಳುವುದು, ತರುವಾಯ ಎಡ ಮುಂಗೈಯ ರೋಮಗಳನ್ನು ಬೋಳಿಸಿ ಅಲಗಿನ ಹರಿತವನ್ನು ನೋಡುವುದು, ಕಡೆಯಲ್ಲಿ ನಿಂಬೆಹಣ್ಣನ್ನು ಕೊಯ್ದು ಅಲಗನ್ನು ಒರೆಸದೆ ರಾತ್ರಿಯಿಡೀ ಬಿಟ್ಟು, ತುಕ್ಕು ಬಂದಿತೋ ಇಲ್ಲವೋ ಎಂಬುದನ್ನು ಬೆಳಗಿನ ಬೆಳಕಿನಲ್ಲಿ ನಿರ್ಣಯಿಸುವುದು. ಈ ಕಾರಣದಿಂದ ಅವರ ಎಡಗೈ ಎಂಟು ವರ್ಷದ ಬಾಲಕನದರಂತೆ ನುಣುಪಾಗಿಯೂ ಬಲಗೈ ವಯಸ್ಸಿಗೆ ತಕ್ಕಂತೆಯೂ ಇದೆ. ಮನೆಯ ಮುಂದಿನ ಶಹಾಬಾದಿ ಕಲ್ಲಿನ ಮೆಟ್ಟಿಲಲ್ಲಿ ಅಲಗು ತಿಕ್ಕಿ ತಿಕ್ಕಿ ಬಿದ್ದಿರುವ ಗುಳಿಯಲ್ಲಿ ಮಳೆಗಾಲದಲ್ಲಿ ಗುಬ್ಬಚ್ಚಿಗಳು ಮೀಯುತ್ತವೆ.

ಅವರ ಪತ್ನಿಯ ಅಭಿಪ್ರಾಯವು ಬೇರೆ. "ಏನ್ ಹೇಳ್ಲಿ ಅಣ್ಣಾರ, ಪ್ಲಾಸ್ಟಿಕ್ ಪಾಕೀಟಿನ್ಯಾಗ ಚಾಕು ಬರ್ತದ. ಆ ಪಾಕೀಟ ಹರಿಲಾಕ ಮತ್ತ ನನ್ನ ಇಳಿಗೀನೇ ಬೇಕು," ಎಂದು ಆಕೆ ನನ್ನೊಡನೆ ಹೇಳಿದಾಗ ಕಾಕಾ ಕೇಳಿಸದವರಂತೆ ಪತ್ರಿಕೆಯನ್ನು ಮಗುಚಿದರು.

ವಿದ್ವತ್ತಿನಲ್ಲಿಯೂ ಅವರು ಸಾಮಾನ್ಯರಲ್ಲ. 1890ರಲ್ಲಿ ಫ್ರಾನ್ಸಿನ ಸವಾಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ ಎಂಬ ತರುಣನು ಕಟ್ಟಿಗೆಯ ಹಿಡಿಕೆಯ ರೈತರ ಚಾಕುವೊಂದನ್ನು ರೂಪಿಸಿದುದನ್ನೂ, ಬಿಚ್ಚಿದ ಅಲಗು ಬೆರಳ ಮೇಲೆ ಮಡಿಚಿ ಬೀಳದಂತೆ ತಡೆಯುವ ತಿರುಗುಬಳೆಯು 1955ರಲ್ಲಿ ಅದಕ್ಕೆ ಸೇರಿದುದನ್ನೂ ಅವರು ಶರಣರ ಚರಿತ್ರೆಯಷ್ಟೇ ಭಕ್ತಿಯಿಂದ ವಿವರಿಸುತ್ತಾರೆ. ಅದಕ್ಕಿಂತಲೂ ಅವರ ಕಂಠವು ಗದ್ಗದವಾಗುವುದು ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರನ ಪ್ರಸಂಗದಲ್ಲಿ: 1884ರಲ್ಲಿ ಕಮ್ಮಟವನ್ನು ತೆರೆದು, 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕುವನ್ನು ಒದಗಿಸಿದ ಆ ಪುಣ್ಯಾತ್ಮನು ತಾಯಿ ತೀರಿಕೊಂಡ ಬಳಿಕ, 1909ರಲ್ಲಿ, ಆಕೆಯ 'ವಿಕ್ಟೋರಿಯಾ' ಎಂಬ ಹೆಸರನ್ನೇ ತನ್ನ ಸರಕಿಗೆ ಇಟ್ಟನಂತೆ. "ಮಗ ಅಂದ್ರ ಅಂಥಾವ ಇರಬೇಕು ನೋಡ್ರಿ!" ಎನ್ನುವಾಗ ಕಾಕಾ ತಮ್ಮ ತಾಯಿಯ ಕಡೆಗೊಮ್ಮೆ ನೋಡುವುದುಂಟು, ಎಂಬತ್ತೈದು ದಾಟಿದ ಆ ಅವ್ವನವರು ಎಲೆ ಅಡಿಕೆಯ ಸಂಚಿಯಿಂದ ತಲೆಯೆತ್ತುವುದಿಲ್ಲ.

ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಆಯುಧಕ್ಕೆ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕು, ಮನೆಗೆಲಸದ ಹಾಗೂ ಒಕ್ಕಲುತನದ ಸಲಕರಣೆಗಳಿಗೆ ಬೇಡ ಎಂಬ ವಿಧಿಯನ್ನು ಕೈಬರಹದಲ್ಲಿ ನಕಲು ಮಾಡಿಕೊಂಡು ಅವರು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಅವರ ಚಾಕುಗಳಾವುವೂ ಮೂರಂಗುಲವನ್ನು ಮೀರಿದವಲ್ಲ. ಯಾವನಾದರೂ ಪೊಲೀಸಿನವನು ಒಮ್ಮೆಯಾದರೂ ತಮ್ಮನ್ನು ತಡೆದು ನಿಲ್ಲಿಸಬಾರದೇ ಎಂಬುದು ಅವರ ಗುಪ್ತಾಭಿಲಾಷೆಯೆಂದು ನನ್ನ ಗುಮಾನಿ.

ಇಂಥವರು ಕಳೆದ ಎಳ್ಳಮಾವಾಸ್ಯೆಯಂದು ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಬೀಗರ ಹೊಲಕ್ಕೆ ಸಪರಿವಾರರಾಗಿ ಹೊರಟಾಗ ನನ್ನನ್ನೂ ಕರೆದುಕೊಂಡರು. ಹೆಂಗಸರು ಬುತ್ತಿಯ ಗಂಟುಗಳನ್ನು ಏರಿಸಿದರು; ಕಾಕಾ ಏಳು ಚಾಕುಗಳನ್ನು ಒಂದು ಧೋತರದ ತುಂಡಿನಲ್ಲಿ ಸುತ್ತಿಕೊಂಡು, ಅಭಿಪ್ರಾಯಗಳನ್ನು ಬರೆದುಕೊಳ್ಳಲು ಒಂದು ನೋಟುಬುಕ್ಕನ್ನೂ ಇಟ್ಟುಕೊಂಡರು. ಬಯಲಿನಲ್ಲಿ ಇಡೀ ಕುಟುಂಬವೇ ಪರೀಕ್ಷಿಸಿದ ಹೊರತು ಬಯಲಿನ ಚಾಕುವಿನ ಯೋಗ್ಯತೆಯು ತಿಳಿಯುವುದಿಲ್ಲವೆಂಬುದು ಅವರ ವಾದ.

ಚರಗ ಚೆಲ್ಲಿದ್ದಾಯಿತು. ಬೇವಿನ ನೆರಳಿನಲ್ಲಿ ಜಮಖಾನೆ ಹಾಸಿ ಪರೀಕ್ಷೆ ಆರಂಭವಾಯಿತು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆಂದು ಅವ್ವನವರ ಕಟ್ಟಪ್ಪಣೆಯಿದ್ದುದರಿಂದ ಕೊಡುವವರು ಅದನ್ನು ನೆಲದ ಮೇಲಿಡುವುದು, ಕೊಳ್ಳುವವರು ಬಾಗಿ ಎತ್ತಿಕೊಳ್ಳುವುದು. ಏಳು ಚಾಕು, ಎಂಟು ಮಂದಿ, ಹೀಗೆ ನೋಡುವವರಿಗೆ ಅದೊಂದು ದೀರ್ಘದಂಡ ನಮಸ್ಕಾರದ ಸೇವೆಯಂತೆ ಕಾಣುತ್ತಿತ್ತು. ಯುರೋಪಿನಲ್ಲಿಯೂ ಚಾಕುವನ್ನು ಕಾಣಿಕೆಯಾಗಿ ಪಡೆದವನು ಸ್ನೇಹವು ತುಂಡಾಗದಿರಲೆಂದು ನಾಣ್ಯವೊಂದನ್ನು ಮರಳಿ ಕೊಡುವ ಪದ್ಧತಿಯುಂಟೆಂದು ಕಾಕಾ ತಿಳಿಸಿದರು.

ತೊಡಕು ಬಂದದ್ದು ಆಮೇಲೆ. ಕತ್ತರಿಸುವುದಕ್ಕೆ ಏನೂ ಇರಲಿಲ್ಲ. ಸಜ್ಜೆಯ ರೊಟ್ಟಿಯನ್ನು ಮುರಿದರು, ಕಡಬನ್ನು ಕಚ್ಚಿದರು, ಬಜ್ಜಿಯ ಕಾಯಿಪಲ್ಯಗಳೆಲ್ಲ ಹಿಂದಿನ ರಾತ್ರಿಯೇ ಇಳಿಗಿಗೆ ಬಲಿಯಾಗಿ ಗುರುತು ಸಿಗದಂತೆ ಬೆಂದುಹೋಗಿದ್ದವು. ಕೊನೆಯ ಆಸೆಯಾಗಿದ್ದ ಉಳ್ಳಾಗಡ್ಡಿಯ ಮೇಲೆ ಕಾಕಾ ಒಂದು ಅಲಗನ್ನು ಬಿಚ್ಚುವಷ್ಟರಲ್ಲಿ ಅಳಿಯನು ಅದನ್ನು ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿ ನಾಲ್ಕು ಹೋಳು ಮಾಡಿ ಹಂಚಿಬಿಟ್ಟನು. ಸುಲಗಾಯಿಯನ್ನು ಬೆರಳಲ್ಲಿ ಬಿಡಿಸಿದರು. ಮುಂದೆ ಬರಲಿದ್ದ ಸೀತನಿಯಾದರೂ ಅಂಗೈಯಲ್ಲಿ ತಿಕ್ಕಿ ಊದಿ ತಿನ್ನುವಂಥದೇ. ನಮ್ಮ ಸೀಮೆಯ ಅನ್ನಪೂರ್ಣೆಯು ಚಾಕುಪ್ರಿಯರ ವಿಷಯದಲ್ಲಿ ಇಷ್ಟು ನಿಷ್ಕರುಣಳೆಂಬುದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ.

ಆಗ ಬೀಗರು ತೋಟದಿಂದ ಕಮಲಾಪುರದ ಕೆಂಪು ಬಾಳೆಯ ಚಿಪ್ಪೊಂದನ್ನು ತಂದಿಟ್ಟರು. ಬೇರೆ ಬಾಳೆಗಳಿಗಿಂತ ಹೆಚ್ಚು ಕಾಲ ಕಾಯಿಸಿ ಗೊನೆ ಕೊಡುವ, ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದಿರುವ ಆ ರಕ್ತವರ್ಣದ ಹಣ್ಣನ್ನು ಕಂಡು ಕಾಕಾರ ಮುಖವು ಅರಳಿತು. ಏಳನೆಯ ಚಾಕುವನ್ನು ಆಯ್ದುಕೊಂಡು, ಹಣ್ಣಿನ ತೊಟ್ಟಿನಿಂದ ತುದಿಯವರೆಗೆ ನೇರವಾದ ಗೆರೆಯೊಂದನ್ನು ಎಳೆಯತೊಡಗಿದರು.

"ಮುತ್ಯಾ, ಬಾಳಿಹಣ್ಣಿಗಿ ಚಾಕು ಯಾಕ ಬೇಕು?" ಎಂದು ಕೇಳಿದ ಮೊಮ್ಮಗನು ಆ ವೇಳೆಗೆ ತನ್ನ ಎರಡನೆಯ ಹಣ್ಣನ್ನು ಮುಗಿಸಿದ್ದನು.

ಕಾಕಾ ಉತ್ತರಿಸಲಿಲ್ಲ. ನೋಟುಬುಕ್ಕನ್ನು ತೆರೆದರು, ಮುಚ್ಚಿದರು. ಆ ಮೌನದಲ್ಲಿ ಅವ್ವನವರು ಮೆಲ್ಲನೆ ಕೈಚಾಚಿ, 480 ರೂಪಾಯಿಯ ಹನ್ನೊಂದು ಅಂಗಗಳ ಕೆಂಪು ಚಾಕುವನ್ನು ಜಮಖಾನೆಯಿಂದ ಎತ್ತಿಕೊಂಡರು. ಅದರ ಅತ್ಯಂತ ಚಿಕ್ಕ ಅಲಗನ್ನು ಉಗುರಿನಿಂದ ಬಿಡಿಸಿ, ಡಬ್ಬಿಯ ಸುಣ್ಣವನ್ನು ಅದರ ಬೆನ್ನಿನಿಂದ ತೆಗೆದು ಎಲೆಗೆ ಸವರಿದರು. ಎಲೆಯನ್ನು ಜಗಿದಾದ ಮೇಲೆ ಅದರಲ್ಲಿಯೇ ಅಡಗಿದ್ದ ಹಲ್ಲುಕಡ್ಡಿಯನ್ನು ಹೊರಗೆಳೆದು, ಉಳಿದ ನಾಲ್ಕು ಹಲ್ಲುಗಳನ್ನು ಸಾವಧಾನವಾಗಿ ಶುಚಿ ಮಾಡಿಕೊಂಡರು. ಬಳಿಕ ಚಾಕುವನ್ನು ಮಡಿಚಿ ಸಂಚಿಯೊಳಗೆ ಇಳಿಸಿ, ಅದೇ ಸಂಚಿಯಿಂದ ಒಂದು ರೂಪಾಯಿಯ ನಾಣ್ಯವನ್ನು ತೆಗೆದು ಮಗನ ಅಂಗೈಯಲ್ಲಿಟ್ಟರು.

"ತಗೋ ತಮ್ಮಾ. ಜಗಳ ಬ್ಯಾಡ."

ಹಿಂದಿರುಗುವ ದಾರಿಯಲ್ಲಿ ನಾನು ಇಣುಕಿ ನೋಡಿದಾಗ ನೋಟುಬುಕ್ಕಿನಲ್ಲಿ ಒಂದೇ ಒಂದು ಸಾಲಿತ್ತು: 'ಐದನೆಯದು. ಸುಣ್ಣಕ್ಕೆ ಉತ್ತಮ. ಇನ್ನೊಂದು ತರಿಸತಕ್ಕದ್ದು.'