ಮಾಲಿಲ್ಲ ಅಂದರ ರೊಕ್ಕ ಕೊಡಲಿ

"ಆ ಮಾಡೆಲ್ಲೇ ಬಂದ್ ಆಗೇತಂತ ಯವ್ವಾ. ಕಂಪನಿಯವರು ಮಾಡೂದು ಬಿಟ್ಟಾರಂತ. ಇನ್ನ ನಾವ್ ಏನ್ ಮಾಡಾಕ ಬರ್ತೈತಿ?"

ಬೇಲಿಯ ಆಚೆ ದೊಡ್ಡವ್ವ ಹಾಸಿಗೆ ಬಿಸಿಲಿಗೆ ಹಾಕುತ್ತ ಈ ಮಾತು ಹೇಳಿದಳು. ಮಗನ ಮದುವೆಗೆ ಮುಂಚೆ, ನೆಲ್ಲು ಮಾರಿ ಬಂದ ರೊಕ್ಕದಲ್ಲಿ ತಂದ ಮಂಚ ಅದು. ಕೆಳಗೆ ಸಾಮಾನು ಇಡುವ ಪೆಟ್ಟಿಗೆ ಇರುವಂಥದ್ದು, 28,000 ರೂಪಾಯಿ, ಮೂರು ವರ್ಷದ ವಾರಂಟಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಲೆದಿಂಬಿನ ಕಡೆಯ ಹಲಗೆ ಕಿತ್ತುಕೊಂಡು ವಾಲಿತು. ಅಂಗಡಿಯ ಹುಡುಗ ಬಂದು ಕಬ್ಬಿಣದ ಪಟ್ಟಿ ಹೊಡೆದು ಹೋದ. ಅದೂ ಕಿತ್ತಿತು. ಈಗ ಅಂಗಡಿಯವರು ಹೇಳುವುದು, "ಅದೇ ಮಂಚ ಇಲ್ಲ, ಬ್ಯಾರೇದ್ ಒಯ್ರಿ, ಮ್ಯಾಲೆ 9,000 ಹಾಕ್ರಿ. ಇಲ್ಲಂದ್ರ ಚೀಟಿ ಬರದ್ ಕೊಡ್ತೀವಿ, ಬೇಕಾದಾಗ ಸಾಮಾನು ಒಯ್ರಿ."

ಒಳಗೆ ಹೋಗಿ ನೋಡಿದೆ. ಸ್ಕ್ರೂ ಇದ್ದ ತೂತು ಹೆಬ್ಬೆರಳು ಹೋಗುವಷ್ಟು ಅಗಲವಾಗಿತ್ತು. ಬೆರಳಿಟ್ಟರೆ ಒಣ ಕಟಕ ರೊಟ್ಟಿಯಂತೆ ಪುಡಿ ಉದುರುತ್ತಿತ್ತು. ಮೇಲೆ ತೇಗದ ಬಣ್ಣದ ತೆಳು ಹಾಳೆ, ಒಳಗೆ ಕಟ್ಟಿಗೆ ಚೂರಿಗೆ ಅಂಟು ಕಲಸಿ ಒತ್ತಿದ ಪಾರ್ಟಿಕಲ್ ಬೋರ್ಡು. ಇದಕ್ಕೆ ಅಂಚಿನಿಂದ ತೇವ ಹೊಕ್ಕರೆ ಉಬ್ಬುತ್ತದೆ, ಒಮ್ಮೆ ಸಡಿಲಾದ ಸ್ಕ್ರೂ ಮತ್ತೆ ಅಲ್ಲೇ ಕೂರುವುದಿಲ್ಲ. ಅಂಗಡಿಯವರು ಮೊದಲು ಹೇಳಿದ್ದೂ ಅದನ್ನೇ, ನೀವು ನೆಲ ಒರೆಸುವಾಗ ನೀರು ತಾಗಿಸಿದ್ದೀರಿ ಎಂದು. ಆದರೆ ಕಿತ್ತದ್ದು ನೆಲದಿಂದ ಎರಡು ಮೊಳ ಮೇಲೆ. ಅಲ್ಲಿ ಯಾವ ನೀರು? ಕೆಳಗಿನ ಅಂಚು ಒಂಚೂರೂ ಉಬ್ಬಿಲ್ಲ. ಮಂಚದ ಭಾರವೆಲ್ಲ ನಾಲ್ಕು ಸಣ್ಣ ಸ್ಕ್ರೂಗಳ ಮೇಲೆ ಬಿಟ್ಟಿದ್ದಾರೆ. ತಪ್ಪು ಮಂಚ ಮಾಡಿದವರಲ್ಲಿದೆ, ಮಲಗಿದವರಲ್ಲಿ ಅಲ್ಲ.

"ದೊಡ್ಡವ್ವ, ಮೊದ್ಲು ಇದರ ಫೋಟೋ ತೆಗಿಸು. ತೂತಿಂದು, ಕೆಳಗಿನ ಅಂಚಿಂದು, ಎರಡೂ. ಆಮ್ಯಾಲೆ ಆ ಚೀಟಿ ಮಾತ್ರ ತಗೋಬ್ಯಾಡ."

"ಯಾಕ? ರೊಕ್ಕ ಅಂತೂ ಮುಳುಗೂದಿಲ್ಲಲ್ಲ."

ಮುಳುಗದಿದ್ದರೂ ಅವರ ಹತ್ತಿರವೇ ಉಳಿಯುತ್ತದೆ. ಬೇಕಿರಲಿ, ಬೇಡವಾಗಲಿ, ಮತ್ತೆ ಅದೇ ಅಂಗಡಿಯ ಮಾಲೇ ಕೊಳ್ಳಬೇಕು. ಕೆಟ್ಟ ಸಾಮಾನು ಕೊಟ್ಟವನಿಗೆ ಇನ್ನೊಂದು ವ್ಯಾಪಾರ ಮಾಡಿಕೊಟ್ಟ ಹಾಗೆ. ಅದೇ ಮಾಲು ಇಲ್ಲ ಎಂಬುದು ಅಂಗಡಿಯ ತೊಂದರೆ. ಅದನ್ನು ತಂದು ಕೊಂಡವರ ತಲೆಗೆ ಕಟ್ಟಲು ಅವರಿಗೆ ಹಕ್ಕಿಲ್ಲ.

ಇದು ನನ್ನ ಸಿಟ್ಟಿನ ಮಾತಲ್ಲ, ಕಾನೂನಿನದು. ಗ್ರಾಹಕರ ಸಂರಕ್ಷಣಾ ಕಾಯ್ದೆ 1986ರಲ್ಲಿ ಬಂತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ನ್ನೇ ಇವತ್ತಿಗೂ ರಾಷ್ಟ್ರೀಯ ಗ್ರಾಹಕರ ದಿನ ಎಂದು ಆಚರಿಸುತ್ತಾರೆ. ಅದರ ಜಾಗಕ್ಕೆ 2019ರ ಕಾಯ್ದೆ ಬಂದು, 2020ರ ಜುಲೈನಿಂದ ಜಾರಿಯಲ್ಲಿದೆ. ಅದರ 39ನೇ ಕಲಮಿನಲ್ಲಿ, ಸಾಮಾನು ದೋಷದ್ದು ಎಂದು ಸಾಬೀತಾದರೆ ಆಯೋಗ ಏನೇನು ಆದೇಶ ಮಾಡಬಹುದು ಎಂದು ಬರೆದಿದೆ: ದೋಷ ತೆಗೆಸಬಹುದು, ಅದೇ ಬಗೆಯ ಹೊಸ ಸಾಮಾನು ಕೊಡಿಸಬಹುದು, ಕೊಟ್ಟ ಬೆಲೆಯನ್ನು ಬಡ್ಡಿ ಸಮೇತ ವಾಪಸ್ ಕೊಡಿಸಬಹುದು, ಆದ ನಷ್ಟಕ್ಕೆ ಪರಿಹಾರವನ್ನೂ ಕೊಡಿಸಬಹುದು. ಬದಲಿ ಸಾಮಾನು ಇಲ್ಲವಾದರೆ ಬೆಲೆ ವಾಪಸಿನ ದಾರಿ ಇದ್ದೇ ಇದೆ. ವಾರಂಟಿ ಕಾರ್ಡಿನಲ್ಲಿ 'ರಿಪೇರಿ ಅಥವಾ ಬದಲಿ ಮಾತ್ರ' ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಆಯೋಗದ ಕೈ ಕಟ್ಟಿದಂತಾಗುವುದಿಲ್ಲ.

ದೊಡ್ಡವ್ವ ಸುಮ್ಮನೆ ಕೇಳಿದಳು. ಆಮೇಲೆ ನಿಜವಾದ ಸಂಕಟ ಹೊರಬಿತ್ತು. "ಅವರು ನಮ್ಮ ಪರಿಚಯದವರವ್ವ. ಅರ್ಧ ರೊಕ್ಕ ಉದ್ರಿ ಇಟ್ಟಿದ್ರು, ಸುಗ್ಗಿಗೆ ಕೊಟ್ಟೀವಿ. ಬಿಲ್ಲೂ ಪಕ್ಕಾ ಇಲ್ಲ, ಪಕ್ಕಾ ಬೇಕಂದ್ರ ಟ್ಯಾಕ್ಸ್ ಬೀಳತೈತಿ ಅಂದ್ರು."

ನಮ್ಮ ಕಡೆ ಎಲ್ಲ ಕೆಡುವುದು ಇಲ್ಲೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗ ನೆಲ್ಲು, ನೆಲ್ಲು ಬಂದಾಗ ರೊಕ್ಕ, ಅಲ್ಲಿಯವರೆಗೆ ಉದ್ರಿ. ಉದ್ರಿ ಕೊಟ್ಟವನ ಮುಂದೆ ದನಿ ಏರಿಸುವುದು ಹೇಗೆ ಎಂಬ ಮುಲಾಜು. ಆದರೆ ಉದ್ರಿ ಧರ್ಮಕ್ಕೆ ಕೊಟ್ಟದ್ದಲ್ಲ. ಬೆಲೆಯಲ್ಲೇ ಸೇರಿಸಿ ಕೊಟ್ಟದ್ದು, ತೀರಿಸಿಯೂ ಆಗಿದೆ. ಇನ್ನು ಬಿಲ್ಲಿನ ವಿಷಯ. ಸಾಮಾನು ಮಾರಿ ಬಿಲ್ಲು ಕೊಡದಿರುವುದನ್ನೇ 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ದೋಷದ ಮಾಲು ವಾಪಸ್ ತಗೊಂಡು ರೊಕ್ಕ ಕೊಡಲು ಒಪ್ಪದಿರುವುದೂ ಅದೇ ಪಟ್ಟಿಯಲ್ಲಿದೆ. ಬಿಲ್ಲಿನಲ್ಲಿ ಗಡುವು ಬರೆದಿದ್ದರೆ ಅಷ್ಟರೊಳಗೆ, ಬರೆದಿರದಿದ್ದರೆ 30 ದಿನದೊಳಗೆ ಕೊಡಬೇಕು. 'ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ' ಎಂಬ ಬೋರ್ಡು ಎಷ್ಟು ಅಂಗಡಿಗಳಲ್ಲಿ ದೇವರ ಫೋಟೋದ ಪಕ್ಕದಲ್ಲೇ ನೇತಾಡುತ್ತದೆ! ಕೆಟ್ಟ ಮಾಲಿನ ಮಟ್ಟಿಗೆ ಆ ಬೋರ್ಡಿಗೆ ಕಾಸಿನ ಬೆಲೆಯೂ ಇಲ್ಲ.

"ಹಂಗಾದ್ರ ನಮ್ಮ ಕಚ್ಚಾ ಚೀಟಿ ನಡಿತೈತೇನು?"

ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಚೀಟಿಯಲ್ಲಿ ತಾರೀಖಿದೆ, ಅವರ ಕೈಬರಹವಿದೆ. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸಿಕ್ಕಾ ಇದೆ. ಉಳಿದರ್ಧ ಮಗ ಫೋನ್ ಪೇ ಮಾಡಿದ್ದಾನಂತೆ, ಅದೂ ಪುರಾವೆಯೇ. ರಿಪೇರಿಗೆ ಹುಡುಗನನ್ನು ಕಳಿಸಿದ್ದೇ, ಸಾಮಾನು ತಮ್ಮದೆಂದು ಅವರು ಒಪ್ಪಿದ್ದಕ್ಕೆ ಸಾಕ್ಷಿ. ಅದರ ವಾಟ್ಸಾಪ್ ಮೆಸೇಜು ಅಳಿಸಬೇಡ ಎಂದು ಮಗನಿಗೆ ಹೇಳಲು ಹೇಳಿದೆ.

ಮೊದಲು ಅಂಗಡಿಗೆ ಒಂದು ಪತ್ರ, ಸ್ಪೀಡ್ ಪೋಸ್ಟಿನಲ್ಲಿ. ಬಾಯಿಮಾತಿಗೆ ಮುಂದೆ ಯಾರೂ ಸಾಕ್ಷಿ ಇರುವುದಿಲ್ಲ. ಮಂಚ ಯಾವತ್ತು ಕೊಂಡದ್ದು, ಎಲ್ಲಿ ಕಿತ್ತಿತು, ಅದೇ ಮಂಚ ಇಲ್ಲವೆಂದು ನೀವೇ ಹೇಳಿದ್ದೀರಿ, ಆದ್ದರಿಂದ ಪೂರ್ತಿ ಬೆಲೆ ವಾಪಸ್ ಕೊಡಿ, ಇಷ್ಟೇ ಸಾಕು. ಕಂಪನಿಗೂ ಒಂದು ಪ್ರತಿ. ಜೊತೆಗೆ 1915ಕ್ಕೆ ಫೋನು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ. ದಾವೆಗೆ ಹೋಗದೆ ಅಂಗಡಿ, ಕಂಪನಿಗಳ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ.

ಅದಕ್ಕೂ ಬಗ್ಗದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗ. ದೊಡ್ಡವ್ವ "ಕೋರ್ಟಾ?" ಎಂದು ಬೇಲಿ ಹಿಡಿದುಕೊಂಡಳು. ಅಂಜಿಕೆ ಸಹಜ. ಆದರೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಬೇಕೇಬೇಕೆಂದಿಲ್ಲ, ತಾನೇ ನಿಂತು ಹೇಳಬಹುದು. ಹಳೆ ಕಾಯ್ದೆಯಲ್ಲಿ ಮಾರಿದವನ ಊರು ಇಲ್ಲವೇ ತಕರಾರು ಹುಟ್ಟಿದ ಊರು ನೋಡಬೇಕಿತ್ತು, ಈಗ ಕೊಂಡವರು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೊಬೈಲಿನಲ್ಲಿ ತರಿಸಿದ ಕುರ್ಚಿ ದಿಲ್ಲಿಯಿಂದ ಬಂದಿದ್ದರೂ ನಮ್ಮೂರು ಗೊರೇಬಾಳದವರ ಕೇಸು ರಾಯಚೂರಿನಲ್ಲೇ ನಡೆಯುತ್ತದೆ. ವಿಡಿಯೋ ಮೂಲಕ ಹಾಜರಾಗಲು ಅರ್ಜಿಯನ್ನೂ ಹಾಕಬಹುದು. ಕೂಲಿ ಬಿಟ್ಟು ಬಸ್ಸು ಹತ್ತಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ. ದೂರು ಕೊಡಲು ಇರುವುದು 2 ವರ್ಷ. ನಾಳೆ, ನಾಡಿದ್ದು ಎಂದು ಅಂಗಡಿಯವರು ಸತಾಯಿಸುವಾಗ ಕರಗುವುದು ಈ 2 ವರ್ಷವೇ.

ತಡವಾಗುವುದನ್ನು ಮುಚ್ಚಿಡುವುದಿಲ್ಲ. ಕಾಯ್ದೆ 3 ತಿಂಗಳಲ್ಲಿ ಮುಗಿಸಲು ನೋಡಿ ಎನ್ನುತ್ತದೆ, ಎಷ್ಟೋ ಕೇಸುಗಳು ಅಷ್ಟರಲ್ಲಿ ಮುಗಿಯುವುದಿಲ್ಲ. ಆದರೂ ಎದುರಿನವರು ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15, ಅದರ ಮೇಲೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲೇ ಖಚಿತ ಮಾಡಿದೆ. ಆಯೋಗದ ಆದೇಶಕ್ಕೆ ಬಗ್ಗದಿದ್ದರೆ ಜೈಲೂ ಇದೆ, 25,000ಕ್ಕೆ ಕಡಿಮೆಯಿಲ್ಲದ ದಂಡವೂ ಇದೆ.

"ಇಷ್ಟ್ ಸಣ್ಣ ರೊಕ್ಕಕ್ಕ ಯಾರ್ ಕೇಳ್ತಾರವ್ವ?"

ಐಕಿಯಾ ಎಂಬ ದೊಡ್ಡ ಪೀಠೋಪಕರಣ ಕಂಪನಿಯ ಬೆಂಗಳೂರು ಮಳಿಗೆಯಲ್ಲಿ ಒಬ್ಬ ಮಹಿಳೆಗೆ ಕೈಚೀಲಕ್ಕೆಂದು 20 ರೂಪಾಯಿ ಹಾಕಿದ್ದರು. ಚೀಲದ ಮೇಲೆ ಕಂಪನಿಯದೇ ಹೆಸರು. ಆಕೆ ಬಿಡಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಗ್ರಾಹಕರ ಆಯೋಗ ಆ 20 ರೂಪಾಯಿಯನ್ನು ಬಡ್ಡಿ ಸಮೇತ ವಾಪಸ್ ಕೊಡಿಸಿ, ಮೇಲೆ 3,000 ರೂಪಾಯಿಯನ್ನೂ ಕೊಡಿಸಿತು. ಇದನ್ನು ಕೇಳಿದ ದೊಡ್ಡವ್ವ ಒಂದು ಗಳಿಗೆ ತಡೆದು, "ಇಪ್ಪತ್ತಾ?" ಎಂದು ಎರಡು ಸಲ ಕೇಳಿದಳು. ಮಗನಿಗೆ ಫೋನು ಹಚ್ಚಿ, "ಆ ಕಚ್ಚಾ ಚೀಟಿ ಎಲ್ಲಿಟ್ಟೀ?" ಎಂದಳು.

ಫೋನು ಇಟ್ಟವಳೇ ಇನ್ನೊಂದು ಮಾತು ತೆಗೆದಳು. ಕ್ರಾಸಿನಲ್ಲಿ ಚಾ ಅಂಗಡಿ ಇಟ್ಟ ಅಳಿಯ ಬೆಂಚು, ಕುರ್ಚಿ ತಂದಿದ್ದಾನಂತೆ, ಅವೂ ಬಿರುಕು ಬಿಟ್ಟಿವೆಯಂತೆ. "ಯಾಪಾರಕ್ಕ ತಂದಿದ್ದಕ್ಕ ಕೇಳಾಕ ಬರೂದಿಲ್ಲ ಅಂದಾರ ಅವಗ. ಖರೇನಾ?"

ಅರ್ಧ ಖರೆ. ವಾಣಿಜ್ಯಕ್ಕೆ ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಎಣಿಸುವುದಿಲ್ಲ. ಆದರೆ ತಾನೇ ದುಡಿದು ಹೊಟ್ಟೆ ಹೊರೆಯಲಿಕ್ಕೆಂದೇ ಕೊಂಡಿದ್ದರೆ ಅವನೂ ಗ್ರಾಹಕನೇ. ಚಾ ಕಾಸುವವನೂ ಲೋಟ ತೊಳೆಯುವವನೂ ಅವನೇ. ಅವನೂ ಬಿಲ್ಲು ಹುಡುಕಲಿ ಎಂದೆ.