ಏಳು ತೊಟ್ಟು ಎಣ್ಣೆ

ದೇವರ ಹೆಸರಿನಲ್ಲಿ ಏನು ಬೇಕಾದರೂ ಮಾಡುವ ನಮ್ಮ ಜನ ತಮಗಾಗಿ ಅಂದರೆ ಮಾತ್ರ ಕಡ್ಡಿಯನ್ನೂ ಎತ್ತುವುದಿಲ್ಲ. ವಿಗ್ರಹಕ್ಕೆ ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ತಮಗೆ ಒಡೆದ ಹಿಮ್ಮಡಿ. ಇಂಥವರ ಮೈಗೆ ಆಗೀಗಲಾದರೂ ಒಂದಿಷ್ಟು ಜಿಡ್ಡು ಕಾಣಿಸಬೇಕಾದರೆ ಏನು ಉಪಾಯ? ಯಾರೋ ಪುಣ್ಯಾತ್ಮರು ಎಣ್ಣೆಸ್ನಾನವನ್ನು ಶಾಸ್ತ್ರಕ್ಕೆ ಸೇರಿಸಿಬಿಟ್ಟರು. ‘ಕೀಲುನೋವಿಗೆ ಒಳ್ಳೇದು ಕಣ್ರೀ’ ಅಂದಿದ್ದರೆ ‘ಅಯ್ಯೋ, ಪುರುಸೊತ್ತೆಲ್ಲಿದೆ’ ಅನ್ನುತ್ತಿದ್ದವರು, ‘ನರಕ ಚತುರ್ದಶಿ ದಿನ ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ’ ಅಂದದ್ದೇ ತಡ, ಕೋಳಿ ಕೂಗುವ ಮುಂಚೆ ಎದ್ದು ಮಣೆಯ ಮೇಲೆ ಕೂತರು. ಲಕ್ಷ್ಮಿ ಬರುತ್ತಾಳೆ ಅಂದರೆ ಯಾರಿಗೆ ಪುರುಸೊತ್ತಿಲ್ಲ?

ಈಗ ಈ ಕೆಲಸಕ್ಕೆ ಸೆಲ್ಫ್‌ ಕೇರ್ ಅನ್ನುತ್ತಾರೆ. ಫೋನಿನಲ್ಲಿ ಹೊತ್ತು ಗೊತ್ತುಮಾಡಿಕೊಂಡು, ಮುಂಗಡ ಕಟ್ಟಿ, ಮಬ್ಬುಗತ್ತಲೆಯ ಕೋಣೆಯಲ್ಲಿ ಕೊಳಲಿನ ರೆಕಾರ್ಡು ಕೇಳುತ್ತ ಬೋರಲು ಮಲಗಬೇಕು. ಗುರುತಿಲ್ಲದ ಕೈಯೊಂದು ಮೆತ್ತಗೆ ಒತ್ತಿ, ಕೊನೆಗೆ ಶುಂಠಿ ಚಹಾ ಕೊಟ್ಟು, ‘ಫೈವ್ ಸ್ಟಾರ್ ಕೊಡಿ ಸಾರ್’ ಅನ್ನುತ್ತದೆ. ನಮ್ಮಜ್ಜಿಯ ಕೈಗೆ ಮೆತ್ತಗೆ ಅನ್ನುವುದು ತಿಳಿದಿರಲಿಲ್ಲ. ನೆತ್ತಿಗೆ ಹರಳೆಣ್ಣೆ ಸುರಿದು ಅವಳು ತಟ್ಟುತ್ತಿದ್ದ ಸದ್ದು ಬೀದಿಗೆ ಕೇಳಿಸುತ್ತಿತ್ತು. ಸ್ಟಾರು ಕೇಳುತ್ತಿರಲಿಲ್ಲ, ನಮಗೇ ಕಾಣಿಸುತ್ತಿದ್ದವು.

ತಯಾರಿಯೆಲ್ಲ ಹಿಂದಿನ ಸಂಜೆಯೇ. ತ್ರಯೋದಶಿಯ ದಿನ ನೀರು ತುಂಬುವ ಹಬ್ಬ. ವರ್ಷವಿಡೀ ಮಸಿ ಹಿಡಿದು ಮೂಲೆಯಲ್ಲಿ ಕೂತಿದ್ದ ಬಚ್ಚಲ ಹಂಡೆಗೆ ಅಂದು ಹುಣಿಸೆಹಣ್ಣಿನ ಮಜ್ಜನ, ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕೊರಳಿಗೆ ಹೂವು. ಮಲೆನಾಡು, ತುಳುನಾಡಿನ ಕಡೆ ಹಿಂಡ್ಲೆಕಾಯಿ ಬಳ್ಳಿಯನ್ನು ಸುತ್ತುತ್ತಾರೆ. ಬಚ್ಚಲುಮನೆಗೂ ರಂಗೋಲಿ ಬೀಳುವುದು ಅವತ್ತೊಂದೇ ದಿನ. ಈಗ ಹಂಡೆಯ ಜಾಗದಲ್ಲಿ ಗೋಡೆ ಹಿಡಿದು ನೇತಾಡುವ ಗೀಸರಿಗೆ ಅರಿಶಿನ ಕುಂಕುಮ ಹಚ್ಚುವವರನ್ನು ಕಂಡು ನಗುವವರಿದ್ದಾರೆ. ನಾನು ನಗುವುದಿಲ್ಲ. ಒಂದು ಗುಂಡಿ ಒತ್ತಿದರೆ ಬಿಸಿನೀರು ಕೊಡುವ ದೈವಕ್ಕೆ ಅಷ್ಟೂ ಮಾಡದಿದ್ದರೆ ಹೇಗೆ?

ಅಜ್ಜಿ ನೇರವಾಗಿ ತಲೆಗೆ ಕೈ ಹಾಕುತ್ತಿರಲಿಲ್ಲ. ಮೊದಲು ನೆಲದ ಮೇಲೆ ಏಳು ತೊಟ್ಟು ಎಣ್ಣೆ ಬಿಡಬೇಕು, ಒಂದೊಂದಕ್ಕೂ ಒಬ್ಬೊಬ್ಬ ಚಿರಂಜೀವಿಯ ಹೆಸರು ಹೇಳಬೇಕು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಆಮೇಲೆ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಪಾದಕ್ಕೆ, ಮಂಡಿಗೆ, ಭುಜಕ್ಕೆ ಮುಟ್ಟಿಸಿ ನೆತ್ತಿಗೆ ಏರುವುದು. ಆ ಏಳು ಜನರ ಹಾಗೆ ನೀನೂ ಬಾಳು ಅಂತ ಹರಕೆ.

ಈ ಪಟ್ಟಿಯನ್ನು ಒಂದು ಸಲ ಕಣ್ಣುಬಿಟ್ಟು ನೋಡಿದ್ದೀರಾ? ಮೊದಲನೆಯ ತೊಟ್ಟು ಯಾರಿಗೆ? ನಡುರಾತ್ರಿ ಶಿಬಿರಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಮಕ್ಕಳನ್ನು ಕೊಂದ ಅಶ್ವತ್ಥಾಮನಿಗೆ! ಅದೇ ರಾತ್ರಿ ಶಿಬಿರದ ಬಾಗಿಲು ಕಾದವನು ಅವನ ಸೋದರಮಾವ ಕೃಪ. ಅವನಿಗೂ ಒಂದು ತೊಟ್ಟು ಉಂಟು. ಹುಟ್ಟಿದ ಕೂಸಿಗೂ ಈ ಹೆಸರುಗಳನ್ನೇ ಹೇಳಿ ಎಣ್ಣೆ ಹಚ್ಚುತ್ತೇವೆ. ‘ಇದೇನಜ್ಜಿ ಅನ್ಯಾಯ?’ ಅಂದರೆ ಅಜ್ಜಿ, ‘ಅಶ್ವತ್ಥಾಮನ ಹಣೆಯ ಮಣಿ ಕಿತ್ತರಲ್ಲ, ಆ ಗಾಯ ಇನ್ನೂ ಮಾಗಿಲ್ಲವಂತೆ. ಎಣ್ಣೆ ಬೇಕಾದ್ದು ಗಾಯ ಇದ್ದವನಿಗೋ ಇಲ್ಲದವನಿಗೋ?’ ಅಂದು ನನ್ನ ತಲೆಯನ್ನು ಮುಂದಕ್ಕೆ ಬಗ್ಗಿಸುತ್ತಿದ್ದಳು. ಮಧ್ಯಪ್ರದೇಶದ ಬುರ್ಹಾನ್‌ಪುರದ ಹತ್ತಿರ ಅಸೀರ್‌ಗಢ ಅನ್ನುವ ಕೋಟೆಯಿದೆ. ಅಶ್ವತ್ಥಾಮ ಇಂದಿಗೂ ಆ ಸುತ್ತಿನಲ್ಲಿ ಅಲೆಯುತ್ತ, ಹಣೆಯ ಗಾಯಕ್ಕೆ ಎಣ್ಣೆ ಕೇಳುತ್ತಾನೆ ಅಂತ ಅಲ್ಲಿಯ ಜನ ಹೇಳುತ್ತಾರೆ. ಅಜ್ಜಿ ಆ ಕೋಟೆಯ ಹೆಸರನ್ನೂ ಕೇಳಿರಲಿಲ್ಲ. ಅವನ ಪಾಲಿನ ತೊಟ್ಟನ್ನು ಮಾತ್ರ ಒಂದು ಹಬ್ಬಕ್ಕೂ ತಪ್ಪಿಸಲಿಲ್ಲ. ಭಕ್ತಿ ಅಂದರೆ ಏನು ಅಂತ ದೊಡ್ಡ ದೊಡ್ಡ ಉಪನ್ಯಾಸ ಕೇಳಿದ್ದೇನೆ. ಕೊಲೆಗಾರನ ಗಾಯಕ್ಕೂ ಪಾಲು ಎತ್ತಿಡುವ ಈ ಲೆಕ್ಕಾಚಾರದಷ್ಟು ನನಗೆ ಯಾವುದೂ ನಾಟಿಲ್ಲ.

ಅಜ್ಜಿಯ ಕೈಗೆ ಕಣ್ಣೂ ಇತ್ತು. ತಲೆ ತಿಕ್ಕುತ್ತಲೇ ‘ಇದೇನೋ ಬುಗುಟು, ಯಾರ ಜೊತೆ ಹೊಡೆದಾಡಿದೆ?’ ಅನ್ನುತ್ತಿದ್ದಳು. ಬೆನ್ನು ಸವರಿ ‘ಬಡವಾಗಿದ್ದೀಯಲ್ಲ, ಹಾಸ್ಟೆಲಿನಲ್ಲಿ ಅನ್ನ ಹಾಕಲ್ವಾ?’ ಕೂದಲು ಬಿಡಿಸಿ ‘ಹೇನು!’ ಮೈ ಬೆಚ್ಚಗಿದ್ದರೆ ಎಣ್ಣೆ ಬಟ್ಟಲು ಪಕ್ಕಕ್ಕೆ: ‘ನಿನಗಿವತ್ತು ಬೇಡ.’ ಅವಳು ಆಯುರ್ವೇದದ ವಾಗ್ಭಟನನ್ನು ಓದಿದವಳಲ್ಲ. ಆದರೆ ಅವನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲೂ ಇದೇ ಇದೆ. ಅಭ್ಯಂಗ ದಿನಾ ಮಾಡು, ಅದರಲ್ಲೂ ತಲೆ, ಕಿವಿ, ಪಾದ ಬಿಡಬೇಡ. ಕಫ ಕೆರಳಿದವನಿಗೂ ಅಜೀರ್ಣವಾದವನಿಗೂ ಬೇಡ. ಯಾರಿಗೆ ಬೇಡ ಅನ್ನುವುದು ತಿಳಿಯಬೇಕಾದರೆ ಮೊದಲು ಮೈ ಮುಟ್ಟಿ ನೋಡಬೇಕಲ್ಲ! ಅವಳ ಕೈಗಿದ್ದ ಆ ಗಮನ ನಮಗಿಲ್ಲ; ನಾವೀಗ ಮನಸ್ಸನ್ನು ಒಂದೆಡೆ ನಿಲ್ಲಿಸುವುದಕ್ಕೂ ಆ್ಯಪ್ ಹಾಕಿಕೊಂಡಿದ್ದೇವೆ. ಅದು ಟಣ್ ಅಂದಾಗ ಉಸಿರನ್ನು ಗಮನಿಸಬೇಕು. ಗಮನಿಸುತ್ತಿರುವಾಗಲೇ ಇನ್ನೊಂದು ಟಣ್ ಬರುತ್ತದೆ, ಅದು ಬ್ಯಾಂಕಿನದು.

ಹಚ್ಚಿದ ಎಣ್ಣೆಯನ್ನು ತೊಳೆಯುತ್ತಿದ್ದ ಸೀಗೆಪುಡಿ ಬಚ್ಚಲಿನಿಂದ ಹೋದದ್ದು ಒಂದು ದಿನದಲ್ಲಿ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಶ್ರೀಗಂಧ ಕಡಲು ದಾಟುವುದು ನಿಂತಿತು. ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯತೊಡಗಿ, ಅದರಿಂದ ಸಾಬೂನೂ ಹುಟ್ಟಿತು. ಆ ಪರಿಮಳದ ಮುಂದೆ ಸೀಗೆಯ ಘಾಟು ಎಲ್ಲಿ ನಿಂತೀತು? ಆಮೇಲೆ ಸ್ಯಾಷೆಯ ಶಾಂಪೂ. ಸೀಗೆಯ ಪರವಾಗಿ ಒಂದು ಮಾತು ಹೇಳಲೇಬೇಕು: ನೊರೆ ಕಡಿಮೆ, ಆದರೆ ಅಷ್ಟೂ ಎಣ್ಣೆಯನ್ನು ಗೀಚಿ ತೆಗೆಯುವುದಿಲ್ಲ. ವಿರೋಧವಾಗಿಯೂ ಒಂದು: ಕಣ್ಣಿಗೆ ಬಿದ್ದರೆ ನರಕಾಸುರನ ನೆನಪಾಗುತ್ತದೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಊರಿನಿಂದ ಸೀಗೆಪುಡಿ ತರಿಸಿಕೊಂಡು ಸ್ನಾನವನ್ನೇನೋ ಮುಗಿಸಿದರು. ಒದ್ದೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯಲು ಹೋದಾಗ ಹೊಗೆ ಅಲಾರಂ ಕೂಗಿ, ಇಡೀ ಕಟ್ಟಡಕ್ಕೆ ದೀಪಾವಳಿ ಗೊತ್ತಾಯಿತು.

ಮನೆ ಮನೆಯ ಹಿರಿಯರಿಗೂ ಬಚ್ಚಲುಮನೆಗೂ ಇದ್ದ ನಂಟು ಸಾಮಾನ್ಯದ್ದಲ್ಲ. ಕುವೆಂಪು ‘ಮಲೆನಾಡಿನ ಚಿತ್ರಗಳು’ ಪುಸ್ತಕದಲ್ಲಿ ‘ಅಜ್ಜಯ್ಯನ ಅಭ್ಯಂಜನ’ ಅಂತ ಒಂದು ಪ್ರಬಂಧವನ್ನೇ ಇಟ್ಟಿದ್ದಾರೆ. ಅಜ್ಜಯ್ಯಂದಿರ ಅಭ್ಯಂಜನ ನಡೆಯುತ್ತಿತ್ತು, ಸರಿ. ಮನೆಗೆ ಹೊಸ ಅಳಿಯ ಬಂದರಂತೂ ಮೊದಲ ದೀಪಾವಳಿಗೆ ಅವನ ಮೈಗೆ ಸುರಿಯುವ ಎಣ್ಣೆಯಲ್ಲಿ ಊರಿಗೆ ದೀಪ ಹಚ್ಚಬಹುದಿತ್ತು. ಅವನಾದರೋ ಕಣ್ಣು ಮುಚ್ಚಿಕೊಂಡು, ಇದೆಲ್ಲ ತನ್ನ ಯೋಗ್ಯತೆಗೆ ಸಲ್ಲುತ್ತಿದೆ ಅಂದುಕೊಂಡು ಕೂತಿರುತ್ತಿದ್ದ. ಅಜ್ಜಿಯರಿಗೆ ಯಾರು ಹಚ್ಚಿದರು? ಹೆಂಗಸಿಗೆ ಇನ್ನೊಬ್ಬರ ಕೈಯಲ್ಲಿ ನಿಶ್ಚಿಂತೆಯಾಗಿ ಎಣ್ಣೆ ಹಚ್ಚಿಸಿಕೊಳ್ಳುವ ಸುಖ ಸಿಗುತ್ತಿದ್ದದ್ದು ಬಾಣಂತನದಲ್ಲಿ. ಆ ಸುಖಕ್ಕೆ ಮೊದಲು ಹೆರಬೇಕಿತ್ತು. ಹಬ್ಬದ ದಿನ ಅವಳ ಸರದಿ ಬರುವ ಹೊತ್ತಿಗೆ ಬಟ್ಟಲಿನಲ್ಲಿ ಎಣ್ಣೆಯ ಜಿಡ್ಡು, ಹಂಡೆಯಲ್ಲಿ ಉಗುರುಬೆಚ್ಚಗಿನ ತಳದ ನೀರು, ಒಲೆಯ ಮೇಲೆ ಹೋಳಿಗೆಯ ಬೇಳೆ. ತನ್ನ ತಲೆಗೆ ತಾನೇ ಎರಡು ಬೆರಳು ಸವರಿಕೊಂಡು ‘ಆಯ್ತು ನಂದು’ ಅನ್ನುತ್ತಿದ್ದಳು. ಚಿರಂಜೀವಿಗಳಲ್ಲಿ ಒಬ್ಬನನ್ನೂ ಮರೆಯದ ಮನೆ ಅವಳೊಬ್ಬಳನ್ನು ಮರೆತಿತ್ತು. ಸಂಪ್ರದಾಯವನ್ನು ಹೊಗಳುವಾಗ ಇದನ್ನೂ ಸೇರಿಸಿ ಹೇಳದಿದ್ದರೆ ಅದು ಅಳಿಯನ ಮಾತಾಗುತ್ತದೆ.

ಆದ್ದರಿಂದ ಓದುಗ ಮಹಾಶಯರೇ, ಬರುವ ಚತುರ್ದಶಿಗೆ ನಿಮ್ಮ ಮನೆಯಲ್ಲಿ ಎಲ್ಲರ ತಲೆಗೂ ಎಣ್ಣೆ ಒತ್ತುವವರು ಯಾರೋ ಅವರನ್ನು ಎಲ್ಲರಿಗಿಂತ ಮೊದಲು ಮಣೆಯ ಮೇಲೆ ಕೂರಿಸಿ. ‘ನನಗ್ಯಾಕೋ, ಕೆಲಸ ಬಿದ್ದಿದೆ’ ಅನ್ನುತ್ತಾರೆ, ಬಿಡಬೇಡಿ. ಗೀಸರಿನ ಮೊದಲ ಬಿಸಿನೀರು ಅವರ ಪಾಲಿಗಿರಲಿ, ಒಲೆಯ ಮೇಲಿನ ಬೇಳೆಯನ್ನು ಯಾರಾದರೂ ಗಂಡಸರು ನೋಡಿಕೊಳ್ಳಲಿ. ಸೀಗೆಪುಡಿಯನ್ನು ಮೊದಲೇ ಕಲಸಿಟ್ಟುಕೊಳ್ಳಿ. ಎಣ್ಣೆ ಕಣ್ಣಿಗಿಳಿದ ಮೇಲೆ ಡಬ್ಬಿ ಎಲ್ಲಿದೆ ಅಂತ ಅವರನ್ನೇ ಕೇಳುವಂತಾಗಬಾರದು.