ಬಾಟ್ಲಿ ಯಾವಾಗ ತೆಗೆದ್ರಿ?

ಬಾ ಬೇ ತಂಗಿ, ಗ್ವಾಡಿ ಕಡೆ ಬಾ. ಕೂಸಿಗೆ ಒಂಬತ್ತು ತಿಂಗಳ ತುಂಬಿದ್ರೂ ಗೊಬ್ಬರದ, ಅಂದ್ರ ದಡಾರದ, ಸೂಜಿ ಹಾಕ್ಸಿಲ್ಲಂತ, ನಿಮ್ಮತ್ತಿ ಹೇಳಿದ್ರು. ಯಾಕಂತ ನನಗ ಗೊತ್ತೈತಿ. ನಿನ್ನ ತವರು ರಾಮದುರ್ಗ ತಾಲೂಕು. 2022ರ ಜನವರಿ ನೆನಪು ಹೋಗೂದಲ್ಲ. ಸಾಲಹಳ್ಳಿ ದವಾಖಾನಿ ಕಡೆ ಮೂರು ಕೂಸು ಸೂಜಿ ಹಾಕಿಸಿಕೊಂಡ ಮ್ಯಾಲ ತೀರಿಕೊಂಡ್ವು. ಆ ತಾಯಂದಿರ ಮುಂದ ನಿಂತು ಯಾರರ ಏನ ಹೇಳ್ಯಾರು? ಲಸಿಕಿ ಜ್ವಾಪಾನ ಮಾಡೂದ್ರಾಗ ನಿಷ್ಕಾಳಜಿ ಆಗೇತಿ ಅಂತ ಇಲಾಖೆಯವರ ಹೇಳಿದ್ರು, ಸಿಬ್ಬಂದಿನ ಅಮಾನತ್ತೂ ಮಾಡಿದ್ರು.

ಆ ಲಸಿಕಿ ಸಣ್ಣ ಬಾಟ್ಲಿಯೊಳಗ ಒಣ ಪುಡಿ ಇರತೈತಿ. ದ್ರಾವಣ ಕೂಡಿಸಿದ ಮ್ಯಾಲ ಭಾಳಂದ್ರ 4 ತಾಸು, ಅದೂ ತಂಪಿನ್ಯಾಗ ಇಟ್ರ. ಕೆಡದಂಗ ಕಾಯೂ ಔಷಧ ಅದರಾಗ ಇರಂಗಿಲ್ಲ. ವ್ಯಾಳೆ ಮೀರಿದ ಬಾಟ್ಲಿಯೊಳಗ ಸ್ಟೆಫಿಲೊಕಾಕಸ್ ಅನ್ನೂ ಬ್ಯಾಕ್ಟೀರಿಯಾ ಹೊಕ್ಕು ಬೆಳದ್ರ ವಿಷಾ ಬಿಡತೈತಿ. ಆ ವಿಷಾ ಮೈಗೆ ಏರಿತಂದ್ರ ನಮ್ಮನ್ನ ಕಾಯೂ ಬಿಳಿ ರಕ್ತಕಣಗೋಳ ಹದ್ದು ಮೀರಿ ರೊಚ್ಚಿಗೆದ್ದು ಕೂಸಿನ ಜೀವಕ್ಕ ಸಂಚಕಾರ ತರ್ತಾವು. ಅದಕ್ಕ ಕೇಳಬೇಕು: ಬಾಟ್ಲಿ ಯಾವಾಗ ತೆಗೆದ್ರಿ? ಮ್ಯಾಲ ವ್ಯಾಳೆ ಬರದಾರಿಲ್ಲೋ? ಅದನ್ನ ಕೇಳೂದು ತಾಯಿ ಹಕ್ಕು.

“ಹಂಗಾದ್ರ ಸೂಜಿನ ಬ್ಯಾಡ ಬಿಡ್ರಿ ಅಕ್ಕಾರ. ಗೊಬ್ಬರ ನಮಗೂ ಬಂದಿತ್ತು. ಬೇವಿನ ತಪ್ಪಲ ಕಟ್ಟಿದ್ರು, ಎಂಟ ದಿನಕ್ಕ ತಾಯಿ ಹ್ವಾದ್ಲು.”

ದದ್ದು ಹೋಗತಾವು, ಖರೇ. ಆದ್ರ ಆ ವೈರಸ್ ಮೈಯೊಳಗ ಏನ ಹಾಳ ಮಾಡಿರತೈತಿ ಕೇಳು. ಕೆಮ್ಮು, ಭೇದಿ ಏನ ಬಂದ್ರೂ ಆ ರೋಗಾಣುವಿನ ಗುರ್ತು ಹಿಡಿಯೂ ಕಣಗೋಳು ಮೈಯಾಗ ಉಳೀತಾವು. ಗೊಬ್ಬರದ ವೈರಸ್ ನೆಟ್ಟಗ ಆ ಕಣಗೋಳನ್ನ ಹೊಕ್ಕು ಕೊಲ್ಲತೈತಿ. ನೆದರ್ಲ್ಯಾಂಡ್ಸ್‌ದಾಗ ಸೂಜಿ ಹಾಕ್ಸದ ಮಕ್ಕಳ ರಕ್ತಾನ ಗೊಬ್ಬರ ಬರೂಕಿಂತ ಮೊದಲೂ, ಬಂದ ಮ್ಯಾಲೂ ತಗೊಂಡು ನೋಡ್ಯಾರ. 2019ರಾಗ ಅದರ ವರದಿ ಬಂತು. ಹಳೆ ರೋಗಗಳ ವಿರುದ್ಧ ಮೈ ಕೂಡಿಸಿಟ್ಟಿದ್ದ ಪ್ರತಿಕಾಯಗಳೊಳಗ ಶೇ 11ರಿಂದ 73ರಷ್ಟು ಹೋಗಿಬಿಟ್ಟಿದ್ವು! ಗೊಬ್ಬರ ಬಂದ ಹ್ವಾದ ಕೂಸು ಆಮ್ಯಾಲ ನ್ಯುಮೋನಿಯಾ, ಭೇದಿ ಅಂತ ಎರಡ್ಮೂರು ವರ್ಷ ನರಳಿದ್ರ ನಾವು ದೃಷ್ಟಿ ತಗದು ಕೂಡ್ತೀವಿ. ಲಸಿಕಿಯೊಳಗಿನ ವೈರಸ್ ಬಲಗುಂದಿದ್ದು. ಅದು ಗೊಬ್ಬರದ ಗುರ್ತು ಕಲಸ್ತೈತಿ, ಹಳೇದನ್ನ ಅಳಸಂಗಿಲ್ಲ.

ಮತ್ತ ಭಾರತ ಹುಣ್ಣಿವಿಗೆ ಸವದತ್ತಿ ಎಲ್ಲವ್ವನ ಗುಡ್ಡದ ಜಾತ್ರಿಗೆ ಕೂಸಿನ್ನ ಕರಕೊಂಡ ಹೊಂಟೀರಿ. ದದ್ದು ಏಳೂಕಿಂತ 4 ದಿನಾ ಮೊದಲ ಗೊಬ್ಬರ ಹರಡಾಕ ಹತ್ತತೈತಿ. ಬರೇ ನೆಗಡಿ ಅಂದ್ಕೊಂಡು ಯಾರೋ ಕೂಸಿನ್ನ ಎತ್ಕೊಂಡ ಬಂದಿರ್ತಾರ. ಅವರು ಎದ್ದ ಹ್ವಾದ ಮ್ಯಾಲೂ 2 ತಾಸಿನ ತನಕ ಅಲ್ಲಿ ಗಾಳಿಯೊಳಗ ವೈರಸ್ ಉಳದಿರಬಹುದು. ಎಲ್ಲವ್ವಗ ಕೈ ಮುಗಿಯೂದು ಬ್ಯಾಡ ಅನ್ನಾಕತ್ತಿಲ್ಲ ನಾನು. ಸೂಜಿ ಹಾಕ್ಸಿ ಎರಡ್ಮೂರು ವಾರ ಬಿಟ್ಟು ಹೋಗ್ರಿ.

ನಾಳೆ ಗುರುವಾರ, ಲಸಿಕಿ ದಿನಾ. ತಾಯಿ ಕಾರ್ಡು ತಗೊಂಡ ತಯಾರಾಗಿರು, ಜೋಡಿ ನಾನೂ ಬರ್ತೀನಿ. ಬಾಟ್ಲಿ ಮಾತು ನಾನ ಕೇಳ್ತೀನಿ. ಸೂಜಿ ಹಾಕ್ಸಿದ ಮ್ಯಾಲ ಅರ್ಧಾ ತಾಸು ಅಲ್ಲೇ ಕುಂದ್ರೂಣು.